ಮಾತ್ರೆಗೊಂದು ಲೋಟ ಕಾಫಿ

ಶಿವಕುಮಾರಿಗೆ ತನ್ನ ಓರಗಿತ್ತಿ ತೇಜಸ್ವಿನಿಯ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದೇಕೆ? ಇತ್ತು, ಅಷ್ಟೇ. ಹತ್ತು ವರ್ಷ ಒಬ್ಬಳೇ ಸೊಸೆಯಾಗಿ, ಬೆಳಗಿನ ಜಾವಕ್ಕೇ ಎದ್ದು ನೀರು ಕಾಯಿಸಿ, ಮನೆಯವರ ಆಲೂಗಡ್ಡೆ ಮಂಡಿಯ ಆಳುಗಳಿಗೂ ಸೇರಿಸಿ ಮುದ್ದೆ ತೊಳಸಿ, ಎರಡು ಮಕ್ಕಳನ್ನು ಹೆತ್ತು, ಅತ್ತೆ ಲಕ್ಕಮ್ಮನ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಕೇಳದೆ ಅವಳು ಸವೆದಿದ್ದ ಮನೆಗೆ, ಮೈದುನ ಶಿವಶಂಕರನ ಕೈಹಿಡಿದು ಇವಳು ಬಂದಳು. ಬಂದವಳು ಸುಮ್ಮನೆ ಬಂದಳೇ? ಒಂದು ಹಿಡಿಯಷ್ಟು ಸೊಂಟ ಹೊತ್ತುಕೊಂಡು ಬಂದಳು. ಚಾಮರಾಜಪೇಟೆಯ ಆ ಬೀದಿಯ ಹೆಂಗಸರೆಲ್ಲ ಆರತಿ ತಟ್ಟೆ ಕೆಳಗಿಡುವ ಮೊದಲೇ "ಗೊಂಬೆ ಕಣೇ ಲಕ್ಕಮ್ಮಾ, ಗೊಂಬೆ ತಂದಿದೀಯ" ಎಂದರು. ಹಾಗಾದರೆ ಪಕ್ಕದಲ್ಲಿ ನಿಂತಿದ್ದ ದೊಡ್ಡ ಸೊಸೆ ಏನು, ಆಲೂಗಡ್ಡೆ ಮೂಟೆಯೇ? ಯಾರೂ ಹಾಗನ್ನಲಿಲ್ಲ, ಆದರೆ ಅವಳಿಗೆ ಅಂದಷ್ಟೇ ನೋವಾಯಿತು.

ಅದು ತೊಂಬತ್ತೈದರ ಮಾತು. ತೊಂಬತ್ತೊಂಬತ್ತರ ಹೊತ್ತಿಗೆ ಶಿವಕುಮಾರಿ ನಿಜವಾಗಿಯೂ ಊದಿಕೊಂಡಿದ್ದಳು. ತಿನ್ನುವುದು ಮೊದಲಿನಷ್ಟೇ, ಮೈ ಮಾತ್ರ ಏರುತ್ತಲೇ ಹೋಯಿತು. ಬಿಸಿಲಲ್ಲೂ ಚಳಿ, ಬಾಚಣಿಗೆ ತುಂಬ ಕೂದಲು, ಮಧ್ಯಾಹ್ನವಾದರೆ ಕಣ್ಣು ಬಿಡಲಾಗದ ನಿದ್ದೆ. "ಸೋಮಾರಿ ಆಗ್ಬಿಟ್ಟವ್ಳೆ" ಎಂದು ಲಕ್ಕಮ್ಮ ತೀರ್ಪು ಕೊಟ್ಟೂ ಆಗಿತ್ತು. ಸಂಕ್ರಾಂತಿ ಕಳೆದ ಮೇಲೆ ಬೀದಿ ಕೊನೆಯ ಕ್ಲಿನಿಕ್ಕಿಗೆ ಒಬ್ಬಳೇ ನಡೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಮಹಾನಂದ, ಕತ್ತು ಮುಟ್ಟಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, "ನಿಮ್ಮ ಥೈರಾಯ್ಡ್ ಸರಿಯಾಗಿ ಕೆಲಸ ಮಾಡ್ತಿಲ್ಲ ಕಣಮ್ಮ" ಎಂದರು. ಸೋಮಾರಿತನವಲ್ಲ, ಕಾಯಿಲೆ! ಆ ಸಂತೋಷಕ್ಕೆ ಅವಳು ಬರುವ ದಾರಿಯಲ್ಲೇ ದೇವಸ್ಥಾನದಲ್ಲಿ ಕಾಯಿ ಒಡೆಸಿದಳು.

"ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಮಾತ್ರೆ," ಎಂದಿದ್ದರು ಡಾಕ್ಟರು. "ಆದ್ರೆ ಇದು ಸಣ್ಣ ಆಗೋ ಮಾತ್ರೆ ಅಂದ್ಕೋಬೇಡಿ. ಮೈಯಲ್ಲಿ ನಿಂತಿರೋ ನೀರು ಇಳಿದು ಒಂದೆರಡು ಕೆಜಿ ಕಮ್ಮಿ ಆಗ್ಬೋದು. ಮಿಕ್ಕಿದ್ದು ನೀವು ನಡೆದು, ಬಾಯಿ ಕಟ್ಟಿ ಇಳಿಸ್ಕೋಬೇಕು."

ಪಾಪ, ತನಗೆ ಅಂತ ಒಂದು ಕಾಯಿಲೆ ಬಂದಿತ್ತು ಅವಳಿಗೆ. ಎರಡೇ ವಾರಕ್ಕೆ ಅದಕ್ಕೂ ತೇಜಸ್ವಿನಿ ಪಾಲಿಗೆ ಬಂದಳು. ಮದುವೆಯಾಗಿ ನಾಲ್ಕು ವರ್ಷವಾದರೂ ಮಗುವಾಗಿರಲಿಲ್ಲ, ಹಿಂದಿನ ದಸರಾದಿಂದ ಮೈಯೂ ಬರುತ್ತಿತ್ತು; ಪರೀಕ್ಷೆ ಮಾಡಿಸಿದರೆ ಅದೇ ಥೈರಾಯ್ಡ್. ಅವಳೇನು ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋದಳೇ? ಶಿವಶಂಕರ ಸ್ಕೂಟರಿನಲ್ಲಿ ಕೂರಿಸಿಕೊಂಡು ಜಯನಗರದ ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ದ. ಅಲ್ಲಿ ಜನವೋ ಜನ. ಎರಡೇ ನಿಮಿಷದಲ್ಲಿ ಚೀಟಿ ಬರೆದು, ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ ಎಂದು ಹೇಳಿ ಕಳಿಸಿಬಿಟ್ಟರು.

ಖಾಲಿ ಹೊಟ್ಟೆ ಎಂದರೆ ಆ ಮನೆಯಲ್ಲಿ ತಿಂಡಿಗೆ ಮೊದಲು ಎಂದರ್ಥ. ಕಾಫಿಯನ್ನು ಅಲ್ಲಿ ಯಾರೂ ಆಹಾರದ ಲೆಕ್ಕಕ್ಕೇ ಸೇರಿಸಿದವರಲ್ಲ. ಶನಿವಾರದ ಉಪವಾಸದ ದಿನ ಲಕ್ಕಮ್ಮ ತೊಟ್ಟು ನೀರೂ ಕುಡಿಯೆನೆನ್ನುತ್ತ ಮೂರು ಲೋಟ ಕಾಫಿ ಇಳಿಸುತ್ತಿದ್ದಳು; ದೇವರೂ ಅದನ್ನು ಒಪ್ಪಿಕೊಂಡಿದ್ದ. ಹಾಗಾಗಿ ಬೆಳಿಗ್ಗೆ ಆರಕ್ಕೆ ಶಿವಕುಮಾರಿ ಎರಡು ಲೋಟ ಕಾಫಿ ಬೆರೆಸುವುದು, ಇಬ್ಬರೂ ಅಡುಗೆಮನೆಯಲ್ಲೇ ನಿಂತು ಅದರಲ್ಲೇ ಮಾತ್ರೆ ನುಂಗುವುದು ರೂಢಿಯಾಯಿತು.

ಭಾನುವಾರ ಮಧ್ಯಾಹ್ನ ಮಂಡಿ ಮುಚ್ಚಿದ ಮೇಲೆ, ಮೂಟೆ ತೂಗುವ ತಕ್ಕಡಿಯ ಮೇಲೆ ಶಿವಕುಮಾರಿಯ ಗಂಡ ಮುನಿರಾಜ್ ಹೆಂಡತಿಯನ್ನೂ ತಮ್ಮನ ಹೆಂಡತಿಯನ್ನೂ ನಿಲ್ಲಿಸಿ ತೂಕ ಹೇಳುತ್ತಿದ್ದ. ಶಿವಕುಮಾರಿ ಎಪ್ಪತ್ತೆಂಟು, ತೇಜಸ್ವಿನಿ ಅರವತ್ತೊಂಬತ್ತು. ಎರಡು ತಿಂಗಳಾದರೂ ಮುಳ್ಳು ಅಲ್ಲಾಡಲಿಲ್ಲ. ಯುಗಾದಿ ಮುಗಿದು ಹತ್ತು ದಿನಕ್ಕೆ ಶಿವಕುಮಾರಿ ಮತ್ತೆ ರಕ್ತ ಕೊಟ್ಟಾಗ ವರದಿ ನೋಡಿ ಮಹಾನಂದ ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಮಾತ್ರೆ ಹೆಂಗ್ ತಗೋತೀರಿ?"

"ಖಾಲಿ ಹೊಟ್ಟೇಲೇ ಡಾಕ್ಟ್ರೇ. ಕಾಫಿ ಜೊತೆ."

"ಅಯ್ಯೋ ಶಿವನೇ! ಕುಡಿದ ಕಾಫಿ ಎಲ್ಲಿಗಮ್ಮಾ ಹೋಗತ್ತೆ, ಮಂಡಿಗಾ? ಕಾಫಿ ಜೊತೆ ನುಂಗಿದ್ರೆ ಮಾತ್ರೆ ಮೈಗೆ ಹತ್ತೋದೇ ಇಲ್ಲ. ನೀರಲ್ಲಿ ತಗೊಂಡು ಒಂದು ಗಂಟೆ ಸುಮ್ನಿರಿ. ಆಮೇಲೆ ಕಾಫಿ."

ಅವಳು ನಗುತ್ತಲೇ ಮನೆಗೆ ಬಂದಳು. ತೇಜುಗೂ ಹೇಳಬೇಕು ಎಂದುಕೊಂಡೇ ಬಂದಳು, ಅದನ್ನು ಸುಳ್ಳೆನ್ನಲಾಗದು. ಹಜಾರದಲ್ಲಿ ನೋಡಿದರೆ ಲಕ್ಕಮ್ಮ ಚಿಕ್ಕ ಸೊಸೆಯನ್ನು ಕಾಲ ಬಳಿ ಕೂರಿಸಿಕೊಂಡು, "ಕೂದ್ಲೆಲ್ಲಾ ಉದುರೋಯ್ತಲ್ಲೇ ನನ್ನವ್ವ" ಎನ್ನುತ್ತ ಹರಳೆಣ್ಣೆ ತಿಕ್ಕುತ್ತಿದ್ದಳು. ತನಗೂ ಕೂದಲು ಉದುರಿತ್ತು. ಬುಟ್ಟಿಗಟ್ಟಲೆ ಉದುರಿತ್ತು! ಆಗ ಯಾವ ಕೈ ಎಣ್ಣೆ ಹಿಡಿದು ಬಂತು? ಅವಳ ಮೈಯೆಲ್ಲ ಉರಿದುಹೋಯಿತು. ನಾಳೆ ಹೇಳಿದರಾಯಿತು ಎಂದುಕೊಂಡು ಒಳಗೆ ಹೋದಳು.

ಮರುದಿನ ಐದು ಗಂಟೆಗೇ ಎದ್ದು ಯಾರೂ ಇಲ್ಲದಾಗ ನೀರಿನಲ್ಲಿ ಮಾತ್ರೆ ನುಂಗಿದಳು. ಆರಕ್ಕೆ ಎಂದಿನಂತೆ ಎರಡು ಲೋಟ ಕಾಫಿ ಬೆರೆಸಿ, ಒಂದನ್ನು ತೇಜಸ್ವಿನಿಯ ಕೈಗಿತ್ತಳು. ಅವಳು ಅಂಗೈಯಲ್ಲಿದ್ದ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಒಂದು ಗುಟುಕು ಕುಡಿದು, "ಅಕ್ಕ, ನಿಮ್ ಕೈ ಕಾಫಿ ಅಂದ್ರೆ ಕಾಫಿ" ಎಂದಳು. ಶಿವಕುಮಾರಿ ಅಂದೂ ಹೇಳಲಿಲ್ಲ, ಅದರ ಮರುದಿನವೂ ಹೇಳಲಿಲ್ಲ.

ಮೈ ಹಗುರಾಗತೊಡಗಿತು. ಮೊದಲು ಹೋದದ್ದು ನಿದ್ದೆ. ಎಚ್ಚರ ಬಂದ ಮೇಲೆ ಕಾಲಿಗೂ ಜೀವ ಬಂತು. ದಿನಾ ಸಂಜೆ ಬ್ಯೂಗಲ್ ರಾಕ್ ಪಾರ್ಕಿನವರೆಗೆ ನಡೆದು ಬರುತ್ತಿದ್ದಳು. ಎರಡನೇ ಮುದ್ದೆ ಬಿಟ್ಟಳು, ಬೋಂಡದ ಬಾಣಲೆಯ ಹತ್ತಿರ ಸುಳಿಯಲಿಲ್ಲ. ಆಷಾಢದ ಹೊತ್ತಿಗೆ ತಕ್ಕಡಿ ಎಪ್ಪತ್ಮೂರು ತೋರಿಸಿತು. "ಏನೇ ಶಿವಕುಮಾರಿ, ಹಿಂಗ್ ಇಳಿದ್ಬಿಟ್ಟಿದೀಯ!" ಎಂದು ಬೀದಿಯ ಹೆಂಗಸರು ಬಾಯಿಮೇಲೆ ಕೈಯಿಟ್ಟುಕೊಂಡರು. ಅತ್ತ ತೇಜಸ್ವಿನಿ ಎಪ್ಪತ್ತೊಂದು. ದೊಡ್ಡ ಡಾಕ್ಟರು ಒಂದು ಸಲ ಡೋಸ್ ಏರಿಸಿದ್ದರು, ಆದರೂ ಅಷ್ಟೇ. ಇನ್ನೆರಡೇ ಕೆಜಿ ಇಳಿದರೆ ಗೊಂಬೆಯ ಸಮಕ್ಕೆ ಬಂದಂತೆ! ಹೊಟ್ಟೆಗೆ ಹಾಲು ಹೊಯ್ದಂತಾಯಿತು ಶಿವಕುಮಾರಿಗೆ. ನಾಚಿಕೆಗೆಟ್ಟ ಸಂತೋಷ, ಆದರೂ ಸಂತೋಷವೇ.

"ನೀವೇನ್ ಮಾಡ್ತೀರಕ್ಕ? ನಂಗೂ ಹೇಳ್ಕೊಡಿ" ಎಂದು ತೇಜಸ್ವಿನಿ ಒಂದು ಸಂಜೆ ಜೊತೆಗೇ ಹೊರಟಳು. ಅರ್ಧ ದಾರಿಗೇ ಏದುಸಿರು. ಬ್ಯೂಗಲ್ ರಾಕಿನ ಬಂಡೆಯ ಮೇಲೆ ಕೂತವಳು ಅಳಲು ಶುರುಮಾಡಿದಳು.

"ದಪ್ಪ ಆಗಿದ್ದಕ್ಕೆ ಅಳ್ತಿಲ್ಲಕ್ಕ. ಆ ಥೈರಾಯ್ಡ್ ನಂಬರ್ ಇಳಿಯೋವರ್ಗೂ ಮಗು ಯೋಚ್ನೆ ಬೇಡ ಅಂದವ್ರೆ ಡಾಕ್ಟ್ರು. ಅದು ಇಳೀತಾನೇ ಇಲ್ಲ. ನಾನೇನ್ ಪಾಪ ಮಾಡಿದೀನಿ ಹೇಳಿ?"

ಶಿವಕುಮಾರಿಗೆ ಮಾತು ನಾಲಿಗೆ ತುದಿಗೇ ಬಂದಿತ್ತು. ಆದರೆ ಇಷ್ಟು ದಿನ ಸುಮ್ಮನಿದ್ದು ಈಗ ಹೇಳಿದರೆ ಏನೆಂದುಕೊಂಡಾಳು? ಅದೂ ಅಲ್ಲದೆ, ಎರಡು ಕೆಜಿ ಇನ್ನೂ ಬಾಕಿಯಿತ್ತು. "ಎಲ್ಲಾ ಸರಿ ಹೋಗತ್ತೆ, ನಡಿ" ಎಂದು ಕೈಹಿಡಿದು ಎಬ್ಬಿಸಿದಳು.

ಶ್ರಾವಣದ ಒಂದು ಬೆಳಿಗ್ಗೆ ತೇಜಸ್ವಿನಿ ಅಡುಗೆಮನೆಯ ಬಾಗಿಲು ಓರೆ ಮಾಡಿಕೊಂಡು ಹತ್ತಿರ ಬಂದಳು. ಮುಖ ಕೆಂಪಗಾಗಿತ್ತು.

"ಅಕ್ಕ, ದಿನ ತಪ್ಪಿ ಎರಡು ವಾರ ಆಯ್ತು. ಇವ್ರಿಗೂ ಹೇಳಿಲ್ಲ, ನಿಮ್ಗೇ ಮೊದ್ಲು." ಹೇಳುತ್ತಲೇ ಒಂದು ಕೈಯಲ್ಲಿ ಮಾತ್ರೆ ಹಿಡಿದು, ಇನ್ನೊಂದು ಕೈಯನ್ನು ಕಾಫಿ ಲೋಟಕ್ಕೆ ಚಾಚಿದಳು.

ಥೈರಾಯ್ಡ್ ಹತೋಟಿಗೆ ಬರದೆ ಬಸುರಾದರೆ ಕೂಸು ನಿಲ್ಲುವುದೇ ಕಷ್ಟ ಎಂದು ಮಹಾನಂದ ಡಾಕ್ಟರು ಕ್ಲಿನಿಕ್ಕಿನಲ್ಲಿ ಯಾರಿಗೋ ಹೇಳಿದ್ದನ್ನು ಶಿವಕುಮಾರಿ ಕಿವಿಯಾರೆ ಕೇಳಿದ್ದಳು. ಲೋಟವನ್ನು ಕಸಿದುಕೊಂಡ ರಭಸಕ್ಕೆ ಕಾಫಿ ಇಬ್ಬರ ಸೀರೆಯ ಮೇಲೂ ಚೆಲ್ಲಿತು.

"ಕಾಫಿ ಬೇಡ! ನೀರಲ್ಲಿ ತಗೋ. ಕಾಫಿ ಜೊತೆ ಈ ಮಾತ್ರೆ ಮೈಗೆ ಹತ್ತಲ್ವಂತೆ ತೇಜು. ಇವತ್ತೇ ಡಾಕ್ಟ್ರ ಹತ್ರ ಹೋಗೋಣ, ಈಗ್ಲೇ."

ತೇಜಸ್ವಿನಿ ನೀರಿನಲ್ಲಿ ಮಾತ್ರೆ ನುಂಗಿದಳು. ಲೋಟ ಕೆಳಗಿಟ್ಟು, ನಿಧಾನವಾಗಿ, "ಇದು ನಿಮ್ಗೆ ಯಾವಾಗ ಗೊತ್ತಾಯ್ತು?" ಎಂದಳು.

ನಿನ್ನೆ ಎನ್ನಬಹುದಿತ್ತು. ಯಾರು ಕೇಳುತ್ತಿದ್ದರು? ಆದರೆ ಆ ಕಣ್ಣಿನ ಮುಂದೆ ಸುಳ್ಳು ಹೊರಡಲಿಲ್ಲ.

"ಯುಗಾದಿ ಆದ್ಮೇಲೆ."

"ದಿನಾ ಕಾಫಿ ನೀವೇ ಕೊಡ್ತಿದ್ರಿ."

"ಹೂಂ."

ಇಬ್ಬರೂ ಮಹಾನಂದರ ಕ್ಲಿನಿಕ್ಕಿಗೆ ನಡೆದರು. ಡಾಕ್ಟರು ಬಸುರು ಹೌದೆಂದರು, ರಕ್ತ ತೆಗೆಸಿದರು, ಸಂಜೆಗೆ ವರದಿ ನೋಡಿ ಡೋಸ್ ಬದಲಿಸಿದರು. "ಬೇಗ ಬಂದ್ರಿ, ಒಳ್ಳೇದಾಯ್ತು. ನಾಲ್ಕು ವಾರಕ್ಕೆ ಮತ್ತೆ ನೋಡೋಣ. ಅಲ್ಲೀವರ್ಗೂ ನಾನು ಏನೂ ಭರವಸೆ ಕೊಡಲ್ಲ" ಎಂದರು.

ಮನೆಗೆ ಬಂದು ತೇಜಸ್ವಿನಿ ಸುದ್ದಿ ಹೇಳಿದಳು. ಲಕ್ಕಮ್ಮ ಕಣ್ಣಲ್ಲಿ ನೀರು ತಂದುಕೊಂಡು ಮನೆ ತುಂಬ ಓಡಾಡಿದಳು. ಶಿವಕುಮಾರಿ ಗೋಡೆಗೆ ಒರಗಿ, ಈಗ ಬರುತ್ತದೆ, ಈಗ ಬಂತು ಎಂದು ಕಾಯುತ್ತ ನಿಂತಿದ್ದಳು.

"ಮಾತ್ರೆ ಕಾಫಿ ಜೊತೆ ತಗೋಬಾರ್ದಂತೆ ಅತ್ತೆ," ಎಂದಳು ತೇಜಸ್ವಿನಿ. "ಅಕ್ಕಾನೇ ಹೇಳಿದ್ದು. ಕ್ಲಿನಿಕ್ಕಿಗೂ ಅವ್ರೇ ಕರ್ಕೊಂಡೋದ್ರು."

ಅಷ್ಟೇ. ಇನ್ನೊಂದು ಅಕ್ಷರ ಹೇಳಲಿಲ್ಲ. ಲಕ್ಕಮ್ಮ ಬಂದು ದೊಡ್ಡ ಸೊಸೆಯ ಎರಡೂ ಕೈ ಹಿಡಿದುಕೊಂಡಳು. "ನೀನಿದ್ದಿದ್ಕೆ ಆಯ್ತು ಕಣವ್ವ. ನೀನು ಈ ಮನೆ ತಾಯಿ ಇದ್ದಂಗೆ."

ಹದಿನಾಲ್ಕು ವರ್ಷ ಕಾದಿದ್ದ ಮಾತು. ಬಂತು, ಅದೂ ಆ ಓರಗಿತ್ತಿಯ ದಯೆಯಿಂದ! ತೇಜಸ್ವಿನಿ ಇತ್ತ ನೋಡಲೂ ಇಲ್ಲ. ಕೂಗಾಡಿದ್ದರೆ, ಜುಟ್ಟು ಹಿಡಿದು ಎಳೆದಿದ್ದರೆ ಶಿವಕುಮಾರಿ ತಡೆದುಕೊಳ್ಳುತ್ತಿದ್ದಳು. ಸೊಂಟ ಅವಳದ್ದು, ಸ್ಕೂಟರು ಅವಳದ್ದು, ಎಣ್ಣೆ ತಿಕ್ಕುವ ಕೈಯೂ ಅವಳದ್ದು. ಈಗ ದೊಡ್ಡ ಮನಸ್ಸೂ ಅವಳದ್ದೇ ಆಗಬೇಕೆ? ಈ ಒಂದನ್ನು ಮಾತ್ರ ಬಿಟ್ಟುಕೊಡಲು ಶಿವಕುಮಾರಿಯಿಂದ ಆಗಲಿಲ್ಲ. ಹೊಟ್ಟೆಕಿಚ್ಚೇ ಅವಳ ಬಾಯಿ ಬಿಡಿಸಿತು.

"ಇವತ್ತು ಹೇಳಿದ್ದು ನಾನೇ ಅತ್ತೆ," ಎಂದಳು. "ಆದ್ರೆ ನಂಗೆ ಐದು ತಿಂಗಳಿಂದ ಗೊತ್ತಿತ್ತು. ಗೊತ್ತಿದ್ದೂ ದಿನಾ ಕಾಫಿ ಕೊಟ್ಟೆ. ಅವಳು ಸಣ್ಣ ಆಗೋದು ನಂಗೆ ಬೇಕಿರ್ಲಿಲ್ಲ."

ಲಕ್ಕಮ್ಮನ ಕೈ ಇನ್ನೂ ಅವಳ ಕೈಗಳ ಮೇಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಇರಲಿಲ್ಲ.