ಗಂಗಮ್ಮನ ಪದರು

ಕಂಪ್ಲಿಯ ದುರುಗೇಶನಿಗೆ ತಲೆ ಕೆಟ್ಟದ್ದು ಯಾವತ್ತು ಅಂತ ಊರವರನ್ನು ಕೇಳಬೇಕಾಗಿಲ್ಲ, ಅವನೇ ನಗುತ್ತಾ ಹೇಳುತ್ತಾನೆ. ಇಪ್ಪತ್ತು ವರ್ಷ ಫೈಬರ್ ಹರಿಗೋಲು ಮಾಡಿ ಹಂಪಿಯ ಅಂಬಿಗರಿಗೆ ಕೊಟ್ಟವನು, ಒಂದು ದಿನ ಮೊಬೈಲಿನಲ್ಲಿ ಯಾರೋ ಅದೇ ಫೈಬರ್ ಬಟ್ಟೆ, ಅದೇ ಅಂಟಿನಲ್ಲಿ ಮನೆಯಲ್ಲೇ ವಿಮಾನ ಕಟ್ಟುವುದನ್ನು ನೋಡಿದ. ‘ಅಯ್ಯ, ಇದು ನಮ್ಮ ಕಸುಬೇ ಅಲ್ಲೇನು!’ ಅಂದ. ಮುಗಿಯಿತು. ನಕ್ಷೆ ತರಿಸಿ ಆರು ವರ್ಷ ಶೆಡ್ಡು ಸೇರಿಕೊಂಡ. ಅವನು ಜಾಣ ಎಂದು ಊರಲ್ಲಿ ಒಬ್ಬನೇ ನಂಬಿದ್ದ. ಆ ಒಬ್ಬನೂ ಅವನೇ.

ಕೊನೆಗೆ ಉಳಿದದ್ದು ತೂಕ. ಇಂಜಿನ್ ಸೇರಿ ಮುನ್ನೂರು ಕಿಲೋ ದಾಟಕೂಡದು ಎಂದು ನಕ್ಷೆಯಲ್ಲಿತ್ತು, ದಾಟಿದರೆ ಹಾರಿದ್ದು ಬಿದ್ದೀತು. ತೂಕದ ಚೀಟಿ ಸರಿಯಿದ್ದರೆ ಪರೀಕ್ಷೆಗೆ ಅಧಿಕಾರಿ ಬರುತ್ತಾರೆ, ಅವರು ಒಪ್ಪಿದರೆ ಹಾರಬಹುದು. ಇಲ್ಲದಿದ್ದರೆ ಆರು ವರ್ಷವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ರೆಕ್ಕೆ ಬಿಚ್ಚಿ, ಎಲ್ಲವನ್ನೂ ಟ್ರಾಲಿಗೆ ಹೇರಿ, ಎಮ್ಮಿಗನೂರಿನ ಹತ್ತಿರ ಕಬ್ಬು ತೂಗುವ ವೇಬ್ರಿಡ್ಜಿಗೆ ಹೋದರು. ಜೊತೆಗೆ ಹೆಂಡತಿ ದೇವಿಕಾ, ಮತ್ತೆ ಅವನಿಗೆ ಹರಿಗೋಲು ಕಲಿಸಿದ ಸೋದರಮಾವ ಪಾಲಪ್ಪ. ತೂಗುವ ಜಂಬುನಾಥ್ ಖಾಲಿ ಟ್ರಾಲಿಯ ತೂಕ ಕಳೆದು ಕಿಟಕಿಯಿಂದ ಕೂಗಿದ, ‘ನಾನ್ನೂರಾ ಮೂವತ್ತು!’

‘ಸರಿಯಾಗಿ ನೋಡ್ರಿ, ಮ್ಯಾಲೆ ಯಾರಾರ ಕುಂತಾರೇನು?’ ಅಂದ ದುರುಗೇಶ. ಯಾರೂ ಕುಂತಿರಲಿಲ್ಲ.

ಪಾಲಪ್ಪ ಮಾತ್ರ ರೆಕ್ಕೆಯನ್ನು ಬೆರಳಿನಿಂದ ತಟ್ಟಿ ಹಿಗ್ಗಿಬಿಟ್ಟ. ‘ಭಾಳ ಮಸ್ತ್ ಮಾಡೀದಿ ಬಿಡಲೇ! ಬಂಡೆಗಲ್ಲಿಗೆ ಬಡಿದ್ರೂ ಒಡೆಯಂಗಿಲ್ಲ. ಗಂಗಮ್ಮನ ಪದರು ಮರ್ತಿಲ್ಲ, ಹೌದಿಲ್ಲೊ?’

ಹೆಚ್ಚಿನ ತೂಕ ಎಲ್ಲಿಂದ ಬಂತೆಂದು ದುರುಗೇಶನಿಗೆ ಆಗ ಹೊಳೆಯಿತು. ಪಾಲಪ್ಪ ಕಲಿಸಿದ ಪದ್ಧತಿ ಅದು. ಫೈಬರ್ ಬಟ್ಟೆಯ ಲೆಕ್ಕದ ಪದರು ಮುಗಿದ ಮೇಲೆ ಹೊಳೆತಾಯಿಯ ಹೆಸರಿನಲ್ಲಿ ಇನ್ನೊಂದು. ಅದನ್ನು ಎಣಿಸಕೂಡದು, ಎಣಿಸಿದರೆ ಕೇಡು. ಅವನೂ ಎಣಿಸಿರಲಿಲ್ಲ. ರೆಕ್ಕೆಗೊಂದು, ಬಾಲಕ್ಕೊಂದು, ಬಾಗಿಲಿಗೊಂದು, ಹಾಳಾಗಿ ಹೋಗಲಿ, ಕಾಲಿಡುವ ಹಲಗೆಗೂ ಒಂದು ಹಾಕಿ ಕೂತಿದ್ದ.

‘ಆಕಾಶದಾಗ ಎಲ್ಲಿ ಗಂಗಮ್ಮರೀ?’ ಅಂದಳು ದೇವಿಕಾ.

‘ಆಕಾಶಗಂಗಿ ಅಂತಾರಲ್ಲ...’ ಅಂದ ದುರುಗೇಶ.

‘ಸುಮ್ನಿರ್ರಿ. ನೀವು ಹಾರಾಕ ಮಾಡಿಲ್ಲ. ಮುಳುಗಬಾರದಂತ ಮಾಡೀರಿ.’

ಆರು ವರ್ಷ ದುರುಗೇಶ ತಾನೊಬ್ಬ ಧೈರ್ಯವಂತ ಎಂದುಕೊಂಡಿದ್ದ, ಮಂಗ್ಯಾ. ಅವನ ಮುಖ ನೋಡಿ ಜಂಬುನಾಥನಿಗೇ ಪಾಪ ಅನಿಸಿತು. ಹತ್ತಿರ ಬಂದು ಮೆಲ್ಲಗೆ, ‘ಕಬ್ಬಿನಾಗ ಕಸ, ಮಣ್ಣು ಅಂತ ಕಳೀತೀವಿ. ನಿಮಗೂ ಕಸ ಅಂತ ನೂರಾ ಮೂವತ್ತೈದು ಕಳೆದು ಕೈಯಾಗ ಚೀಟಿ ಬರ್ದು ಕೊಡ್ಲೇನ್ರಿ?’ ಅಂದ.

‘ಬರೀರಿ’ ಎಂಬ ಮಾತು ದುರುಗೇಶನ ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆ ಬಂದಿತ್ತು. ಅಷ್ಟರಲ್ಲಿ, ಈವರೆಗೆ ಒಮ್ಮೆಯೂ ಆ ವಿಮಾನದೊಳಗೆ ಕಾಲಿಡದ ದೇವಿಕಾ, ಗಂಡನ ಮೋರೆ ನೋಡಲಾರದೆ ಟ್ರಾಲಿ ಹತ್ತಿ, ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡಳು.

‘ಸೀಟು ಚಲೋ ಐತ್ರೀ. ನನ್ನ ಯಾವಾಗ ಕರ್ಕೊಂಡು ಹೋಗ್ತೀರಿ?’

ದುರುಗೇಶ ಜಂಬುನಾಥನ ಕಡೆ ತಿರುಗಿದ.

‘ಇದ್ದಷ್ಟೇ ಬರೀರಿ, ಜಂಬುನಾಥ್,’ ಅಂದ. ‘ಇದ್ರಾಗ ಇಕಿ ಕುಂದ್ರಾಕಿ ಅದಾಳ.’