ಅರ್ಧ ಮಾತ್ರೆ

ಯೋಗದ ಕ್ಲಾಸಿನ ಮೂರನೆಯ ಸಾಲಿನಲ್ಲಿ ಯಾರದೋ ಕಾಲ್ಚೀಲ ತೂತು, ಹೆಬ್ಬೆರಳು ಇಣುಕುತ್ತಿದೆ, ಓ, ಆ ನಿವೃತ್ತ ಕಂಡಕ್ಟರಪ್ಪ, ಕಾಲ್ಚೀಲ ಬಿಚ್ಚಿಟ್ಟು ಬನ್ನಿ ಎಂದು ಎಷ್ಟು ಸಲ ಬಾಯಿ ನೋಯಿಸಿಕೊಂಡಳೋ ಇವಳು, ಹೇಳಿದ್ದನ್ನು ಯಾರು ಕೇಳುತ್ತಾರೆ, ಕೇಳಬಾರದ್ದನ್ನು ಮಾತ್ರ ಚಾಚೂ ತಪ್ಪದೆ ಕೇಳುತ್ತಾರೆ. ಎರಡೂ ಕೈ ಮೇಲಕ್ಕೆ, ಉಸಿರು ಒಳಕ್ಕೆ, ನಿಧಾನ — ಬಾಯಿ ತನ್ನ ಪಾಡಿಗೆ ಹೇಳುತ್ತಿದೆ, ಹತ್ತೊಂಬತ್ತು ವರ್ಷ ಪಾಠ ಹೇಳಿದ ಬಾಯಿಗೆ ಈಗ ಇವಳ ಹಂಗೇ ಇಲ್ಲ, ಕೈ ಎತ್ತಿದೊಡನೆ ಎಡಪಕ್ಕೆಯ ಹೊಲಿಗೆ ಗುರುತು ಜಗ್ಗುತ್ತದೆ, ತಂಗಿಗೆ ಕಿಡ್ನಿ ಕೊಟ್ಟು ನಾಲ್ಕು ವರ್ಷವಾದರೂ ಜಗ್ಗುತ್ತದೆ, ಎಂಥಾ ಅಕ್ಕ ಕಣ್ರೀ, ಈಗಿನ ಕಾಲದಲ್ಲಿ ಯಾರು ಕೊಡ್ತಾರೆ ಹೇಳಿ, ಹೌದು, ಕೊಟ್ಟಳು, ಕೊಟ್ಟು ಕಿತ್ತುಕೊಂಡಳು, ಅದನ್ನು ಹೇಳುವವರು ಯಾರೂ ಇಲ್ಲ. ಈಗ ಅಂಗೈ ಮೇಲೆ ಮಾಡಿ ಮಂಡಿಯ ಮೇಲಿಡಿ, ಹದಿಮೂರು ಜನ, ಇಪ್ಪತ್ತಾರು ಅಂಗೈ, ಒಂದರಲ್ಲೂ ಏನೂ ಇಲ್ಲ, ಆದರೂ ನೋಡಬೇಡ, ಗೋಡೆ ನೋಡು, ಗೋಡೆಯಲ್ಲೂ ನೀನೇ, ಪದ್ಮಾಸನ ಹಾಕಿ ನಗುತ್ತಿರುವ ಫೋಟೋ, ಕೆಳಗೆ ಕೆಂಪಕ್ಷರ, ಯೋಗದಿಂದ ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ, ಆ ಬೋರ್ಡು ಇಳಿಸಬೇಕು, ನಾಳೆ ಇಳಿಸಬೇಕು, ಐದು ತಿಂಗಳಿಂದ ನಾಳೆ.

ಕಿಡ್ನಿ ಕಸಿಯಾದಾಗಲೇ ಡಾಕ್ಟರು ಬಿಡಿಸಿ ಹೇಳಿದ್ದರು, ತಂಗಿ ಯೋಗ ಹಗುರವಾಗಿ ಮಾಡಲಿ, ಅಡ್ಡಿಯಿಲ್ಲ, ಆದರೆ ಈ ಮಾತ್ರೆ ಮಾತ್ರ ಬಿಡೋ ಹಾಗಿಲ್ಲ, ಅಕ್ಕಂದೇ ಕಿಡ್ನಿ ಆದ್ರೂ ಮೈಗೆ ಅದು ಹೊರಗಿಂದು, ನಿರೋಧಕ ಶಕ್ತಿ ಅದರ ಮೇಲೇ ತಿರುಗಿ ಬೀಳುತ್ತೆ, ಆ ಶಕ್ತಿ ತಗ್ಗಿಸೋಕೇ ಈ ಮಾತ್ರೆ. ಇವಳು ಗೋಣು ಆಡಿಸಿದ್ದಳು, ಕೇಳಿಸಿತ್ತು, ಅರ್ಥವೂ ಆಗಿತ್ತು, ದಡ್ಡಿಯೇನಲ್ಲ, ಆದರೆ ತಗ್ಗಿಸುವುದು ಎಂಬ ಮಾತಿಗೇ ಮೈ ಉರಿದಿತ್ತು, ಊರಿಗೆಲ್ಲ ಶಕ್ತಿ ಹಂಚುವವಳ ಒಡಹುಟ್ಟಿದವಳು ಶಕ್ತಿ ತಗ್ಗಿಸಿಕೊಂಡು ಕೂರುವುದೇ, ಜನ ಏನೆಂದುಕೊಂಡಾರು. ಕೆಳಗಿನ ಮಳಿಗೆಯಲ್ಲಿ ಹೊಲಿಗೆ ಯಂತ್ರ ನಿಲ್ಲಿಸಿ ತಂಗಿ ಮೆಟ್ಟಿಲು ಹತ್ತಿ ಬರುತ್ತಿದ್ದಳು, ಹಿಂದಿನ ಸಾಲು, ರವಿಕೆಗೆ ಅಂಟಿದ ನೂಲಿನ ಚೂರು, ಮೈಕ್ ಹಿಡಿದು ಇವಳ ಭಾಷಣ, ಮಾತ್ರೆ ಎಲ್ಲ ಬರೀ ಊರುಗೋಲು, ಉಸಿರೇ ಔಷಧ, ಚಪ್ಪಾಳೆ, ತಂಗಿಯದೇ ಜೋರು ಚಪ್ಪಾಳೆ. ಮೂರು ವರ್ಷ ಒಂದು ನೆಗಡಿ ಇಲ್ಲ, ನೋಡಿ ನನ್ನ ತಂಗೀನ, ಎಂದು ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು. ತಂಗಿಗೆ ಅಕ್ಕ ಎಂದರೆ ಮುಗಿಯಿತು, ಅಕ್ಕ ಹೇಳಿದ ಅಳತೆಗೇ ಬಟ್ಟೆ ಕತ್ತರಿಸುವವಳು, ಆ ದಿನ ನೂಲು ಕತ್ತರಿಸುವ ಬ್ಲೇಡು ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದಳು, ಇನ್ನೊಂದು ಕೈ ಚಾಚಿ — ಬೇಡ, ಈಗ ಬೇಡ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, ಮಾತ್ರೆ ಕಮ್ಮಿ ಮಾಡು ಅಂತ ಯಾರಾದ್ರೂ ಹೇಳಿದ್ರೇನಮ್ಮ, ತಂಗಿ ಇವಳ ಕಡೆ ತಿರುಗಿಯೂ ನೋಡಲಿಲ್ಲ, ಯಾರೂ ಇಲ್ಲ ಡಾಕ್ಟ್ರೇ, ನನ್ನದೇ ಬುದ್ಧಿ, ಇವಳು ಹೊದಿಕೆಯ ಸುಕ್ಕು ಸರಿಮಾಡುತ್ತ ನಿಂತಳು, ಸುಕ್ಕೇ ಇರಲಿಲ್ಲ. ಕಿಡ್ನಿ ಸತ್ತುಹೋಯಿತು. ಈಗ ವಾರಕ್ಕೆ ಮೂರು ದಿನ ತಂಗಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಾಳೆ, ಕೆಳಗಿನ ಮಳಿಗೆಗೆ ಬೀಗ, ಇವಳ ಕ್ಲಾಸು ಮಾತ್ರ ಒಂದು ದಿನವೂ ತಪ್ಪಿಲ್ಲ, ನಾಚಿಕೆಗೆಟ್ಟವಳು.

ಟೀಚರಮ್ಮ, ಎನ್ನುತ್ತಾನೆ ಕಂಡಕ್ಟರಪ್ಪ, ಮೂರು ತಿಂಗಳಾಯ್ತು, ಮೈ ಹಗುರಾಗಿದೆ, ನನ್ನ ಬಿಪಿ ಮಾತ್ರೆ ಇನ್ನು ಅರ್ಧ ಮಾಡ್ಲಾ. ಬೇಡ ಎಂದರೆ ಸಾಕು, ಎರಡಕ್ಷರ, ಬೇಡ ಎಂದರೆ ಯಾಕೆ ಎನ್ನುತ್ತಾನೆ, ಯಾಕೆ ಎಂದರೆ ಎಲ್ಲ ಹೇಳಬೇಕು, ಹದಿಮೂರು ಜನರ ಮುಂದೆ, ಆ ಫೋಟೋದ ಕೆಳಗೆ ನಿಂತು. ಉಸಿರು ಹಿಡಿಯಿರಿ ಎಂದಿದ್ದಳು, ಬಿಡಿ ಎನ್ನಲು ಮರೆತಿದ್ದಾಳೆ, ಉಳಿದವರ ಮುಖಗಳು ಕೆಂಪಾಗುತ್ತಿವೆ, ಬಾಯಿ ತೆರೆದಿದೆ, ಹತ್ತೊಂಬತ್ತು ವರ್ಷದ ಬಾಯಿ, ಕಣ್ಣೆದುರು ಮತ್ತೆ ಆ ದಿನ, ತಂಗಿ ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ, ಏದುಸಿರು, ನಗು, ಕೈ ಚಾಚುತ್ತಾಳೆ, ಅಕ್ಕ, ನೋಡು, ಸಮವಾಗಿ ಬಂದಿದೆಯಲ್ವಾ, ಜಾಣೆ ಕಣೇ, ಎಂದಳು ಇವಳು, ನೋಡಿಯೇ ಎಂದಳು, ಜಾಣೆ ಕಣೇ, ತೆರೆದ ಅಂಗೈ, ನಡುವೆ ಬ್ಲೇಡಿನಲ್ಲಿ ಕತ್ತರಿಸಿದ ಬಿಳಿ ಅರ್ಧ ಮಾತ್ರೆ, ಅಂಗೈ, ಅರ್ಧ ಮಾತ್ರೆ —