ಸೊಂಟ ತುಳಿಯುವ ಕದರಮ್ಮನ ಸೊಂಟ

ಆಂಧ್ರ ಗಡಿಯ ರೊಳ್ಳದ ಹತ್ತಿರದ ಒಂದು ಊರು. ಅಲ್ಲಿ ಯಾರ ಸೊಂಟ ಹಿಡಿದುಕೊಂಡರೂ ಕದರಮ್ಮನ ಮನೆ ಬಾಗಿಲಿಗೆ ಬರುತ್ತಿದ್ದರು. ಆಕೆ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಎಡಗಾಲಲ್ಲಿ ಮೂರು ಸಲ ತುಳಿದರೆ ಉಳುಕು ಬಿಡುತ್ತದೆ ಎಂದು ಊರಿನ ನಂಬಿಕೆ. ಮೂವತ್ತು ವರ್ಷ ತುಳಿದಳು, ಹೆಸರು ಬಂತು.

ಒಂದು ಬೆಳಿಗ್ಗೆ ಮನೆಯ ರೇಷ್ಮೆಹುಳುಗಳಿಗೆಂದು ತಂದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಬಗ್ಗಿ ಎತ್ತುವಾಗ ಅವಳ ಸೊಂಟವೇ ಹಿಡಿದುಕೊಂಡಿತು. ತನ್ನ ಬೆನ್ನು ತನಗೆ ಕಾಣುವುದಿಲ್ಲ ಎನ್ನುತ್ತಾರೆ. ತುಳಿದುಕೊಳ್ಳಲೂ ಆಗುವುದಿಲ್ಲ. ನಾಲ್ಕು ದಿನ ಮಲಗಿದಳು. ನೋವು ಹೆಚ್ಚಿತೇ ಹೊರತು ಇಳಿಯಲಿಲ್ಲ.

ಗಂಡ ನರಸಿಂಹಯ್ಯ ಕೇಳಿದ: "ಅಗಳಿ ಕಡೆ ಒಬ್ಬ ಅವ್ನಂತೆ, ಕಾಲು ಮುಂದಾಗಿ ಹುಟ್ಟಿದೋನು. ಕರ್ಕಂಡ್ ಬರ್ಲಾ?"

"ಕಂಡೋರ ಕಾಲಲ್ಲಿ ತುಳಿಸ್ಕಳಾದಾ? ನಾನೊಲ್ಲೆ!" ಅಂದಳು, ಅರ್ಧ ಊರನ್ನು ತುಳಿದ ಕದರಮ್ಮ.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಜ್ಯೋತಿ ಬಂದಳು. "ಅತ್ತೆ, ಕಾಲು ಜೋಮು ಹಿಡಿದೈತಾ? ಕಾಲಲ್ಲಿ ಶಕ್ತಿ ಐತಾ? ಉಚ್ಚೆ ಸರಾಗ ಹೋಗ್ತೈತಾ? ಜ್ವರ ಏನಾದ್ರೂ? ಎಲ್ಲಾದ್ರೂ ಬಿದ್ರಾ?"

"ಅಂಥದ್ದೇನೂ ಇಲ್ಲ ಕಣಮ್ಮಿ. ನೋವೊಂದೇ."

"ಹಂಗಾದ್ರೆ ಹೆದರಬ್ಯಾಡಿ. ಇಂಥ ನೋವು ಬಾಳ ಜನಕ್ಕೆ ಕೆಲವು ವಾರದಲ್ಲಿ ತಾನೇ ಇಳೀತೈತೆ. ಆದ್ರೆ ಮಲಗೇ ಇದ್ರೆ ಸೊಂಟ ಬಿಗೀತೈತೆ. ಎದ್ದು ಅಂಗಳದಲ್ಲಿ ನಾಕು ಹೆಜ್ಜೆ ಹಾಕಿ. ಬಿಸಿನೀರ ಬಟ್ಟೆ ಇಡಿ. ತುಳಿಸ್ಕಬ್ಯಾಡಿ."

"ನಾನು ತುಳಿದೋರಿಗೆಲ್ಲಾ ವಾಸಿ ಆತಲ್ಲ?"

"ಅದೂ ತಾನೇ ವಾಸಿ ಆಗಿರೋದು ಅತ್ತೆ. ಹಾಸಿಗೆ ಬಿಟ್ಟು ಎದ್ದು, ನಿಮ್ಮನೆ ತಂಕ ನಡ್ಕಂಡು ಬಂದ್ರಲ್ಲ, ಅದೂ ಒಳ್ಳೇದೇ ಮಾಡೈತೆ."

ಕದರಮ್ಮನಿಗೆ ಸಿಟ್ಟು ಬಂತು. ಮೂವತ್ತು ವರ್ಷದ ಹೆಸರು ಒಂದು ಮಾತಿಗೆ ಹೋಯಿತು. ಆದರೆ ರೇಷ್ಮೆಹುಳುಗಳಿಗೆ ಸಿಟ್ಟು ತಿನ್ನಿಸಲಾಗುವುದಿಲ್ಲ, ಸೊಪ್ಪೇ ಬೇಕು. ಗೋಡೆ ಹಿಡಿದು ಎದ್ದಳು. ಮೊದಲ ದಿನ ಅಂಗಳ, ಮರುದಿನ ಬೀದಿ. ಹೊರೆಯನ್ನು ಗಂಡ ಚಿಕ್ಕದಾಗಿ ಕಟ್ಟಿದ. ಅವಳು ಮಂಡಿ ಮಡಚಿ ಕೂತು, ಹೊರೆಯನ್ನು ಎದೆಗೆ ಒತ್ತಿಕೊಂಡು ಏಳುವುದನ್ನು ಕಲಿತಳು. ಹುಳುಗಳು ಗೂಡು ಕಟ್ಟುವ ಹೊತ್ತಿಗೆ ನೋವು ಬಹುಪಾಲು ಇಳಿದಿತ್ತು.

ಆಗಲೇ ಪಕ್ಕದ ಬೀದಿಯ ತಿಪ್ಪಯ್ಯ ಬಂದು ಜಗಲಿ ಮೇಲೆ ಬೋರಲು ಮಲಗಿದ.

"ತುಳಿಯಕ್ಕ, ಸೊಂಟ ಹಿಡಿದೈತೆ. ಎರಡು ದಿನದಿಂದ ಕಾಲು ಜೋಮು. ಚಪ್ಪಲಿ ಜಾರಿದ್ರೂ ತಿಳೀವಲ್ದು."

ಹಳೇ ಅಭ್ಯಾಸ. ಕದರಮ್ಮನ ಎಡಗಾಲು ಆಗಲೇ ಮೇಲೆದ್ದಿತ್ತು. ಅಲ್ಲೇ ನಿಂತಿತು.

"ತಿಪ್ಪಯ್ಯ, ಉಚ್ಚೆ ಸರಾಗ ಹೋಗ್ತೈತೇನಪ್ಪ?"

"ನಿನ್ನೆಯಿಂದ ಕಷ್ಟ ಕಣಕ್ಕ."

ಅವಳು ಕಾಲನ್ನು ನೆಲಕ್ಕೆ ಇಳಿಸಿದಳು. "ಏಳು!" ಎಂದು ಗಂಡನ ಕಡೆ ತಿರುಗಿದಳು. "ಇವ್ರೇ, ಆಟೋ ಕರೀರಿ. ಮಡಕಶಿರಾ ಆಸ್ಪತ್ರೆಗೆ, ಈಗ್ಲೇ!"

ಬೆನ್ನಿನಲ್ಲಿ ನರ ಒತ್ತಿಕೊಂಡಿತ್ತು. ಆ ದಿನವೇ ದೊಡ್ಡಾಸ್ಪತ್ರೆಗೆ ಕಳಿಸಿ ಆಪರೇಷನ್ ಮಾಡಿದರು. ಇನ್ನೂ ತಡವಾಗಿದ್ದರೆ ಕಾಲಿಗೆ ಶಕ್ತಿ ಮರಳುತ್ತಿರಲಿಲ್ಲ ಎಂದರು. ತಿಪ್ಪಯ್ಯ ಈಗ ಕೋಲು ಹಿಡಿದು ನಡೆಯುತ್ತಾನೆ. ಅವನನ್ನು ಕಂಡಾಗಲೆಲ್ಲ ಕದರಮ್ಮ ತನ್ನ ಎಡಗಾಲನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ತುಳಿಯುವವರು ಇರಬಹುದು. ಅವರನ್ನು ಬೈಯಬೇಡಿ, ಈ ಕಥೆ ಹೇಳಿ. ಬರೀ ನೋವಾದರೆ ಮೆಲ್ಲಗೆ ನಡೆದಾಡಿ, ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಕಾಲು ಜೋಮು ಹಿಡಿದು ಸೋತರೆ, ಉಚ್ಚೆ ಕಟ್ಟಿದರೆ, ಆಸ್ಪತ್ರೆಗೆ ಹೋಗಲು ಒಂದು ಗಂಟೆಯೂ ಕಾಯಬೇಡಿ. ನಿಮ್ಮ ಸೊಂಟ ಯಾರ ಕಾಲಿನ ಕೆಳಗೂ ಇಡುವಂಥದ್ದಲ್ಲ.